ಮರಿಸಿದ್ದಯ್ಯ ಬಾಚುವ ಹುಲ್ಲುಮೆದೆ

ಚಿಕ್ಕರಸಿನಕೆರೆಯ ಕಡೆಗೆ ಹೋಗುವ ಮೊದಲ ಬಸ್ಸು ಇನ್ನೂ ಬಂದಿಲ್ಲ. ಪುಟ್ಟಸ್ವಾಮಿಗೌಡರ ಕಣದಲ್ಲಿ ಮಂಜು ಮೊಣಕಾಲುದ್ದ ನಿಂತಿದೆ. ಅದರ ನಡುವೆ, ಆಳೆತ್ತರ ಏರಿದ ಭತ್ತದ ಹುಲ್ಲಿನ ಮೇಲೆ, ತಲೆಗೆ ಟವೆಲು ಸುತ್ತಿದ ಮುದುಕರೊಬ್ಬರು ಸುತ್ತು ಹಾಕುತ್ತಿದ್ದಾರೆ. ಕೆಳಗಿನಿಂದ ಆಳುಗಳು ಎಸೆಯುವ ಕಂತೆಯನ್ನು ಎದೆಗಾನಿಸಿ ಹಿಡಿಯುತ್ತಾರೆ. ಬುಡ ಹೊರಕ್ಕೆ, ತುದಿ ಒಳಕ್ಕೆ ಇಟ್ಟು, ಪಾದದಿಂದ ಒಮ್ಮೆ ಒತ್ತಿ, ಮುಂದೆ ಸರಿಯುತ್ತಾರೆ.

"ಲೇ, ನಿದ್ದೆಗಣ್ಣಲ್ಲಿ ಎಸೀಬ್ಯಾಡ ಕಣ್ಲಾ! ಎಡ್ತಿಗೆ ಸೀರೆ ಕೊಟ್ಟಂಗೆ ಮೆತ್ತುಗೆ ಎಸಿ!"

"ಎಡ್ತಿಗೆ ಸೀರೆ ತಂದಿದ್ರೆ ತಾನೆ ಗೊತ್ತಾಗಾದು, ತಾತ!" ಎಂದು ಆಳು ನಗುತ್ತಾನೆ.

ಇವರೇ ಮರಿಸಿದ್ದಯ್ಯ. ಸಂಕ್ರಾಂತಿ ಕಳೆದು ಶಿವರಾತ್ರಿ ಬರುವತನಕ ಸುತ್ತಿನ ಊರುಗಳಲ್ಲಿ ಮೆದೆ ಒಟ್ಟುವುದೇ ಇವರ ಕೆಲಸ. ದಿನಕ್ಕೊಂದು ಮೆದೆ, ದೊಡ್ಡ ಮನೆಯದಾದರೆ ಎರಡು ದಿನ. ಉಳಿದಂತೆ ಕಬ್ಬು ಕಡಿಯಲು ಹೋಗುತ್ತಾರೆ. ಒಂದು ಸಲ ಮೇಲಿನಿಂದ ಜಾರಿ ಬಿದ್ದು, ಸೊಂಟ ಉಳುಕಿ, ಇಡೀ ಬೇಸಿಗೆ ಚಾಪೆಯ ಮೇಲೆ ಕಳೆದದ್ದಿದೆ. ಸ್ವಂತ ಗದ್ದೆಯಿಲ್ಲ, ಹಾಗಾಗಿ ಸ್ವಂತ ಮೆದೆಯೂ ಇಲ್ಲ. ಹೆಂಡತಿ ಚಿಕ್ಕಬೋರಮ್ಮನ ದೂರೇ ಬೇರೆ: "ಊರೋರ ಉಲ್ಲೆಲ್ಲ ತಲೆ ಬಾಚ್ದಂಗೆ ಬಾಚ್ತಾನೆ. ಮನೇಲಿ ಒದ್ಕೊಂಡ ಕಂಬ್ಳಿ ಮಡ್ಸಾಕ್ ಬರಾಕಿಲ್ಲ ಈ ಮುದ್ಕಂಗೆ."

ಬಾಚುವುದು ನಿಜ. ಮೆದೆ ಮುಗಿದ ಮೇಲೆ ಕೆಳಗಿಳಿದು, ಬೆರಳುಗಳನ್ನೇ ಬಾಚಣಿಗೆ ಮಾಡಿ, ಸುತ್ತಲೂ ನೇತಾಡುವ ಎಳೆಗಳನ್ನು ಇಳಿಜಾರಿಗೆ ಸವರುತ್ತಾರೆ. ಚೆಂದಕ್ಕೋ, ಮಳೆಗೋ ಎಂದು ಕೇಳಿದರೆ ನನ್ನ ಮುಖವನ್ನೇ ನೋಡುತ್ತಾರೆ. "ನೀರು ಜಾರ್‍ಬೇಕಲ್ಲಕ್ಕ. ನೀರು ಸಲೀಸಾಗಿ ಜಾರೋ ಮೆದೆ ಕಣ್ಣಿಗೂ ಸಲೀಸು. ಅದ್ನ ಬ್ಯಾರೆ ಇದ್ನ ಬ್ಯಾರೆ ಮಾಡಾದು ಎಂಗೆ?"

ನನಗೆ ಮುದ್ದೆ ನೆನಪಾಗುತ್ತದೆ. ಉಣ್ಣುವವರು ಮುರಿಯುತ್ತಾರೆಂದು ಗೊತ್ತಿದ್ದೂ ನಾವು ಅಂಗೈಗೆ ನೀರು ಮುಟ್ಟಿಸಿಕೊಂಡು ಇನ್ನೊಂದು ಸುತ್ತು ಉರುಳಿಸುತ್ತೇವೆ. ಆ ಒಂದು ಸುತ್ತು ಯಾತಕ್ಕೆ ಎಂದು ಅಡುಗೆಮನೆಯಲ್ಲಿ ಯಾರೂ ಕೇಳುವುದಿಲ್ಲ. ಹಾಗೆಂದು ಚೆನ್ನಾಗಿ ಕಟ್ಟಿದ ಮುದ್ದೆಯನ್ನು ಯಾರೂ ಗೂಡಿನಲ್ಲಿಟ್ಟು ನೋಡುತ್ತ ಕೂರುವುದೂ ಇಲ್ಲ.

ಆದರೆ ಈ ಕಣದಲ್ಲಿ ಹೆಚ್ಚುಕಡಿಮೆ ಅದೇ ಆಗಿಹೋಯಿತು. ಹೋದ ವರ್ಷ, ಎಪ್ಪತ್ತಮೂರರ ಸುಗ್ಗಿಯಲ್ಲಿ, ಮರಿಸಿದ್ದಯ್ಯ ಇಲ್ಲಿ ಒಟ್ಟಿದ ಮೆದೆ, ಬಸ್ಸಿನಲ್ಲಿ ಹೋಗುವವರೂ ಕತ್ತು ಚಾಚಿ ನೋಡುವಂತಿತ್ತು. ಭಾರತೀನಗರದ ಡ್ರಾಯಿಂಗ್ ಮೇಷ್ಟ್ರು ಅನಂತರಾಮು ಅವರು ಮಕ್ಕಳನ್ನು ಕರೆತಂದು ಬದುವಿನ ಮೇಲೆ ಕೂರಿಸಿ, ಇದರ ಚಿತ್ರ ಬರೆಸಿದರು. "ಕಲೆ ಅರಮನೆಯ ಗೋಡೆಯ ಮೇಲೆ ಮಾತ್ರ ಇರುವುದಿಲ್ಲ, ಇದೂ ಕಲೆಯೇ" ಎಂದರು. ಮೇಷ್ಟ್ರು ಹೇಳಿದ್ದು ಸರಿಯೇ. ಅದನ್ನು ಕೇಳಿಸಿಕೊಂಡ ಗೌಡರು ಮಾತ್ರ ಅಂದಿನಿಂದ ಮೆದೆಯಿಂದ ಒಂದೆಳೆ ಹಿರಿಯಲೂ ಬಿಡಲಿಲ್ಲ.

ಗೌಡರ ಹೆಂಡತಿ ಮಂಗಳಮ್ಮ ಈಗ ಸೆರಗು ಬಾಯಿಗಿಟ್ಟು ನಗುತ್ತಾರೆ, ಆಗ ನಕ್ಕಿರಲಿಕ್ಕಿಲ್ಲ. "ಎತ್ತಿನ ಪಕ್ಕೆ ಮೂಳೆ ಬುಟ್ಕೊಂಡಿತ್ತು ಕಣಮ್ಮ. ಒಣ್ಗಿದ ಕಬ್ಬಿನ ಸೋಗೆ ಆಕಿ ಆಕಿ ಅಸ ಆಲು ಬತ್ತಿಸ್ತು. ಮೆದೆ ಅತ್ರ ಓದ್ರೆ ಇವ್ರು 'ಕೈ ಮುರ್ದೇನು' ಅನ್ನೋರು. ದೀಪಾವಳಿ ಒತ್ಗೆ ನೋಡ್ತೀವಿ, ಮೆದೆ ಒಂದು ಮಗ್ಗುಲಿಗೆ ವಾಲೈತೆ. ಒಳಗೆಲ್ಲ ಗೆದ್ಲು, ಕರ್‍ರಗೆ ಬೂಷ್ಟು."

ಸುದ್ದಿ ಕೇಳಿ ಬಂದು ನೋಡಿದ ಮರಿಸಿದ್ದಯ್ಯ ಆ ದಿನ ಉಣ್ಣಲಿಲ್ಲವಂತೆ. "ದಿನಾ ಕೈ ಆಕ್ತಿದ್ರೆ ಎಲ್ಲಿ ತ್ಯಾವ ಐತೆ ಅಂತ ಕೈಗೇ ಗೊತ್ತಾಗಾದು. ಸುಮ್ನೆ ನೋಡ್ತಾ ಕುಂತ್ರೆ ಕಣ್ಣಿಗೇನು ಗೊತ್ತಾದದು?" ಇನ್ನು ಈ ಮನೆಯ ಹುಲ್ಲು ಮುಟ್ಟುವುದಿಲ್ಲ ಎಂದು ಎದ್ದುಹೋದವರನ್ನು ಈ ಸುಗ್ಗಿಗೆ ಮಂಗಳಮ್ಮನೇ ಹೋಗಿ ಕರೆದು ತಂದಿದ್ದಾರೆ. ಬಂದದ್ದು ಒಂದು ಷರತ್ತಿನ ಮೇಲೆ: ತಾವು ಕಣ ಬಿಡುವ ಮುನ್ನ ಗೌಡರೇ ತಮ್ಮ ಕೈಯಾರೆ ಮೊದಲ ಹಿಡಿ ಹಿರಿಯಬೇಕು.

ಬಿಸಿಲೇರುವ ಹೊತ್ತಿಗೆ ಮೆದೆಗೆ ತಲೆ ಕಟ್ಟಿ, ಹುಲ್ಲಿನ ಹುರಿ ಬಿಗಿದು, ಬಾಚುವುದೂ ಮುಗಿಯುತ್ತದೆ. ಹೋದ ಸಲದ್ದಕ್ಕಿಂತ ಇದು ಒಂದು ಕೈ ಮೇಲೇ ಎಂದು ನೋಡಿದವರೆಲ್ಲ ಹೇಳುತ್ತಾರೆ. ಗೌಡರು ಕೈ ಕಟ್ಟಿ ನಿಂತಿದ್ದಾರೆ.

"ಎಳೀರಿ ಗೌಡ್ರೆ."

"ಇವತ್ತೇ ಯಾಕಯ್ಯ ಮರಿಸಿದ್ದ? ನಾಳೆ ಮೇಷ್ಟ್ರು ಬತ್ತಾರಂತೆ. ಒಂದಿನ ತಡಿ."

"ಬರ್ಲಿ. ಎತ್ತು ತಿನ್ನಾದ್ನೂ ಸೇರ್ಸಿ ಚಿತ್ರ ಬರೀಲಿ. ನೀವು ಎಳೀದಿದ್ರೆ ಈಗ್ಲೇ ಮ್ಯಾಲತ್ತಿ ಎಲ್ಲಾ ಕೆಡವ್ತೀನಿ."

ಗೌಡರು ಮೆದೆಯ ಹಿಂಬದಿಗೆ, ರಸ್ತೆಗೆ ಕಾಣದ ಕಡೆಗೆ ನಡೆಯುತ್ತಾರೆ.

"ಅಲ್ಲಲ್ಲ ಗೌಡ್ರೆ. ಅದು ಮಳೆ ಬಡಿಯೋ ಮಗ್ಗುಲು, ತೂತು ಬಿದ್ರೆ ನೀರು ಇಳೀತದೆ. ಈಚೆ ಬನ್ನಿ, ರಸ್ತೆ ಕಡೀಕೆ."

ಗೌಡರು ಈಚೆ ಬರುತ್ತಾರೆ. ಬಾಚಿದ ಹುಲ್ಲಿನ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತಾರೆ. ಆಮೇಲೆ ಬೆರಳು ತೂರಿಸಿ ಎಳೆಯುತ್ತಾರೆ. ಸರಕ್ಕನೆ ಒಂದು ಹಿಡಿ ಬಂದು, ಆ ಜಾಗದಲ್ಲಿ ಹಾಲುಹಲ್ಲು ಬಿದ್ದಂಥ ಸಣ್ಣ ಗುಳಿ ಉಳಿಯುತ್ತದೆ. ಆ ಹಿಡಿಯನ್ನು ಮಂಗಳಮ್ಮ ಕೊಟ್ಟಿಗೆಗೆ ಒಯ್ಯುವಷ್ಟರಲ್ಲಿ ಗೌಡರು ಇನ್ನೊಂದು ಹಿಡಿ ಹಿರಿದು ತಾವೇ ಹಿಂದೆ ಹೋಗುತ್ತಾರೆ. ಎತ್ತು ಮೂಸಿ, ನಾಲಿಗೆ ಚಾಚಿ ಎಳೆದುಕೊಂಡು, ಕಣ್ಣು ಅರೆಮುಚ್ಚಿ ಮೆಲ್ಲತೊಡಗುತ್ತದೆ.

ತೊಟ್ಟಿಯ ಬಳಿ ಕಾಲು ತೊಳೆಯುತ್ತಿದ್ದ ಮರಿಸಿದ್ದಯ್ಯ ಆ ಸದ್ದಿಗೆ ತಲೆ ಎತ್ತುತ್ತಾರೆ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾರೆ.

"ನೋಡಕ್ಕ, ಈಗ ಮುಗೀತು ನನ್ ಕೆಲ್ಸ."