ಸುಧಾಕರಣ್ಣ ಕೊಟ್ಟ ಹೆಣ್ಣು ಮೀನು

ಎರಡಿಂಚಿನ ಒಂದು ಮೀನಿನ ವಿಷಯದಲ್ಲಿ ನಾನು ಒಬ್ಬ ಒಳ್ಳೆಯ ಮನುಷ್ಯನಿಗೆ ನಾಲ್ಕು ದಿನ ಸುಳ್ಳು ಹೇಳಿದ್ದೇನೆ. ಆಮೇಲೆ ಒಪ್ಪಿಕೊಂಡೆ ಅನ್ನಿ. ಆದರೂ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮೀನಿನ ತೊಟ್ಟಿ ಈ ಕೊಲ್ಲಿ ದೇಶದ ನಮ್ಮ ಫಿಂಟಾಸಿನ ಫ್ಲ್ಯಾಟಿಗೆ ಬಂದದ್ದು ನನ್ನ ಗಂಡ ಲ್ಯಾನ್ಸಿಯ ಹುಮ್ಮಸ್ಸಿನಿಂದ. ಅವನಿಗೆ ಶುವೈಖಿನ ಒಂದು ಗೋಡೌನಿನಲ್ಲಿ ಕೆಲಸ. ಒಂದು ಶುಕ್ರವಾರ ಮಾರ್ಕೆಟ್ಟಿಗೆ ಕುಕ್ಕರಿನ ರಬ್ಬರ್ ತರಲು ಹೋದವನು ಎರಡಡಿ ಉದ್ದದ ಗಾಜಿನ ತೊಟ್ಟಿಯನ್ನೂ ಎರಡು ಮೀನನ್ನೂ ಹೊತ್ತು ತಂದ. ರಬ್ಬರ್ ಮರೆತಿದ್ದ. ಮೀನು ಡ್ವಾರ್ಫ್ ಸಿಕ್ಲಿಡ್ ಎಂಬ ಗಿಡ್ಡ ಜಾತಿಯವು. ಅಂಗಡಿಯವನು ಕಾಕಟೂ ಎಂದು ಹೆಸರು ಹೇಳಿ, ಜೋಡಿ ಎಂದು ಆಣೆ ಹಾಕಿ ಕೊಟ್ಟನಂತೆ. ದೊಡ್ಡದು ಬೆನ್ನಿನ ರೆಕ್ಕೆಯನ್ನು ಕಿರೀಟದ ಹಾಗೆ ಎತ್ತಿಕೊಂಡು ತಿರುಗುವ ಗಂಡು. ಚಿಕ್ಕದು ಬಣ್ಣವಿಲ್ಲದೆ ಮೂಲೆ ಹಿಡಿದಿರುವ ಹೆಣ್ಣು. ಎರಡು ತಿಂಗಳು ದೊಡ್ಡದು ಚಿಕ್ಕದನ್ನು ಅಟ್ಟಾಡಿಸಿತು. "ನಿನ್ನ ಹೆಂಡತಿಯಲ್ಲವಾ ಅದು?" ಎಂದು ನಾನು ಗಾಜು ತಟ್ಟಿ ಬೈಯುತ್ತಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಆ ಹೆಂಡತಿಯೂ ಕಿರೀಟ ಎತ್ತಿ ನಿಂತಿದ್ದಾನೆ! ಎರಡೂ ಗಂಡು. ಸೋತ ಗಂಡು ಪೆಟ್ಟು ತಪ್ಪಿಸಿಕೊಳ್ಳಲು ಹೆಣ್ಣಿನ ಹಾಗೆ ಮಂಕಾಗಿ ಇದ್ದುಬಿಡುವುದುಂಟಂತೆ. ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೂತು ಇಡೀ ದಿನ ಸೂಕ್ಷ್ಮದರ್ಶಕ ನೋಡುವ ನನಗೆ, ಟಿವಿಯ ಪಕ್ಕದಲ್ಲಿದ್ದ ಇಷ್ಟು ದೊಡ್ಡ ಸಂಗತಿ ಕಂಡಿರಲಿಲ್ಲ.

ಆಗ ಬಂದವರು ಸುಧಾಕರಣ್ಣ. ಉಡುಪಿ ಕಡೆಯವರು, ಮಹಬೂಲಾದ ಒಂದು ಹೋಟೆಲಿನ ಅಡುಗೆಮನೆಗೆ ಮೇಲ್ವಿಚಾರಕರು, ಐವತ್ತು ದಾಟಿದ ಬ್ರಹ್ಮಚಾರಿ. ಮೂವರು ಹಂಚಿಕೊಂಡ ರೂಮಿನಲ್ಲಿ ತನ್ನ ಪಾಲಿನ ಗೋಡೆಗೆಲ್ಲ ಮೀನಿನ ತೊಟ್ಟಿ ಜೋಡಿಸಿ, ಉಳಿದ ಸಂದಿಯಲ್ಲಿ ಮಂಚ ಹಾಕಿಕೊಂಡವರು. ನಮ್ಮ ಕಥೆ ಕೇಳಿ ಮಾರನೆಯ ದಿನವೇ ಬಂದು, ಹೆಚ್ಚುವರಿ ಗಂಡನ್ನು ಕೊಂಡೊಯ್ದು, ಬದಲಿಗೆ ಒಂದು ಹೆಣ್ಣು ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ನನ್ನ ಕೈಗಿಟ್ಟರು.

"ಮೊಟ್ಟೆಯಿಂದ ಸಾಕಿದ್ದು ಬಾಯಮ್ಮ. ಆ ಸಲದ ಮರಿಗಳಲ್ಲಿ ಉಳಿದದ್ದು ಇದೊಂದೇ. ಸ್ವಲ್ಪ ಜಾಗ್ರತೆ, ಆಯ್ತಾ?" ಅಂದರು. ಊರ ಕಡೆಯ ರೂಢಿಯಂತೆ ಅವರು ನನ್ನನ್ನು ಕರೆಯುವುದು ಬಾಯಮ್ಮ ಎಂದೇ.

ಎರಡೇ ದಿನಕ್ಕೆ ಅದರ ಬಾಲ ಹರಿದು ಚಿಂದಿಯಾಯಿತು. ನಮ್ಮ ಗಂಡು ಅದನ್ನು ನೆಲಕ್ಕೆ ಇಳಿಯಲು ಬಿಡುತ್ತಿರಲಿಲ್ಲ. ಪಾಪದ್ದು ಫಿಲ್ಟರಿನ ನಳಿಗೆಯ ಹಿಂದೆ, ನೀರಿನ ಮೇಲ್ಭಾಗದಲ್ಲಿ ಓರೆಯಾಗಿ ತೂಗುತ್ತಿತ್ತು. ದಿನಾ ಸಂಜೆ ತಮ್ಮ ಡ್ಯೂಟಿಗೆ ಹೋಗುವ ಮೊದಲು ಸುಧಾಕರಣ್ಣನ ಫೋನು: "ಹೇಗಿದ್ದಾಳೆ?" ನಾನು, "ಚೆನ್ನಾಗಿದ್ದಾಳೆ ಸುಧಾಕರಣ್ಣ, ಒಲೆಯಲ್ಲಿ ಸಾರುಂಟು, ಇಡ್ತೇನೆ" ಎನ್ನುವುದು. ಹೀಗೆ ನಾಲ್ಕು ದಿನ ಕಳೆದ ಮೇಲೆ ಅದು ಆಹಾರಕ್ಕೂ ಬಾಯಿ ತೆರೆಯಲಿಲ್ಲ. ನಾನೇ ಫೋನು ಮಾಡಿ ಎಲ್ಲ ಹೇಳಿದೆ. ಪಾತ್ರೆಗಳ ಸದ್ದಿನ ನಡುವೆ ಅವರು ಯಾರಿಗೋ ಒಲೆ ನೋಡಿಕೊಳ್ಳಲು ಹೇಳಿದರು. ಆಮೇಲೆ "ಬರ್ತೇನೆ" ಅಂದರು.

ಬಂದವರ ಕೈಯಲ್ಲಿ ಅಂಚಿಗೆ ಬಾಯಿ ಕೊರೆದ ಎರಡು ತೆಂಗಿನ ಚಿಪ್ಪು, ಅಂದರೆ ಗೆರಟೆ, ಮತ್ತು ಒಣಗಿದ ಬಾದಾಮಿ ಎಲೆಯ ಕಟ್ಟು ಇತ್ತು. ಎಲೆ ಊರಿಂದ ತಂದದ್ದು. ಇವರು ಸೂಟ್‌ಕೇಸಿಗೆ ಹಪ್ಪಳದ ಬದಲು ತರಗೆಲೆ ತುಂಬುವುದನ್ನು ಕಂಡು ಇವರ ಅಕ್ಕ ಹಣೆ ಚಚ್ಚಿಕೊಂಡಿದ್ದರಂತೆ. ಈ ಮೀನುಗಳ ಮೂಲ ಊರು ದಕ್ಷಿಣ ಅಮೆರಿಕದ ತೊರೆಗಳು. ಅಲ್ಲಿ ನೀರಿನ ತಳದಲ್ಲಿ ಎಲೆಯ ಮೇಲೆ ಎಲೆ ಬಿದ್ದು, ನೀರು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಪೆಟ್ಟು ತಿಂದ ಹೆಣ್ಣಿಗೆ ಅಡಗಲು ಪ್ರತಿ ಎಲೆಯೂ ಒಂದು ಬಾಗಿಲು. ನಾನು ಮಾಡಿಟ್ಟದ್ದೇನು? ಬಿಳಿ ಮರಳು, ನಡುವೆ ಒಂದು ಪ್ಲಾಸ್ಟಿಕ್ ಕೋಟೆ.

ಸುಧಾಕರಣ್ಣ ನೆಲದ ಮೇಲೆ ಕೂತು, ಚಹಾ ಆರುವವರೆಗೆ ತೊಟ್ಟಿಯನ್ನೇ ನೋಡಿದರು. "ಇದು ಮನೆ ಅಲ್ಲ ಬಾಯಮ್ಮ, ಮದುವೆ ಹಾಲ್. ಅವನು ಒಂದು ಕಡೆ ನಿಂತರೆ ಎಲ್ಲ ಕಾಣ್ತದೆ. ಕಂಡರೆ ಓಡಿಸ್ತಾನೆ. ಕಾಣದಿದ್ದರೆ ಅವನಿಗೂ ಸ್ವಲ್ಪ ಮರೆವುಂಟು."

"ನಾನು ನಿಮಗೆ ಸುಳ್ಳು ಹೇಳಿದೆ" ಅಂದೆ.

"ಮೊದಲನೇ ದಿನವೇ ಗೊತ್ತಾಯ್ತು. ಮೀನು ಚೆನ್ನಾಗಿದ್ದರೆ ಯಾರೂ ಅಷ್ಟು ಬೇಗ ಫೋನ್ ಇಡುವುದಿಲ್ಲ ಮಾರಾಯ್ರೆ."

ಗಂಡು ಬಕೆಟ್ಟಿಗೆ ಹೋಯಿತು. ಬಕೆಟ್ಟು ಎಸಿ ರೂಮಿನಲ್ಲಿ. ಬೇಸಿಗೆಯಲ್ಲಿ ನಮ್ಮ ತಣ್ಣೀರಿನ ನಲ್ಲಿಯೂ ತಾರಸಿಯ ಟ್ಯಾಂಕಿನಿಂದ ಕುದಿನೀರನ್ನೇ ಕೊಡುವುದರಿಂದ, ಒಂದು ದಿನ ಮೊದಲೇ ಹಿಡಿದಿಟ್ಟ ನೀರು. ಸುಧಾಕರಣ್ಣ ಕೋಟೆಯನ್ನು ತೆಗೆದು ಲ್ಯಾನ್ಸಿಯ ಮಡಿಲಿಗಿಟ್ಟರು. ಗೆರಟೆಗಳನ್ನು ಎರಡು ಮೂಲೆಯಲ್ಲಿ, ಬಾಯಿ ಗೋಡೆಯ ಕಡೆಗೆ ಬರುವಂತೆ ಕವುಚಿದರು. ನಡುವೆ ಒಂದು ಕಟ್ಟಿಗೆಯ ತುಂಡು, ಸುತ್ತ ಎಲೆ. ಮೇಲೆ, ಅವರೇ ಚೀಲದಲ್ಲಿ ತಂದಿದ್ದ, ತಮ್ಮ ಪಾಡಿಗೆ ಓಡಾಡುವ ನಾಲ್ಕೈದು ಪುಡಿ ಮೀನು. ಅವು ನಿರ್ಭಯವಾಗಿ ತಿರುಗುವುದನ್ನು ಕಂಡರೆ ಹೆದರಿದ ಮೀನಿಗೂ ಧೈರ್ಯ ಬರುತ್ತದಂತೆ.

"ಈಗ ಮನೆ ಅವಳದ್ದು. ಒಂದು ವಾರ ಒಬ್ಬಳೇ ಇರಲಿ. ಆಮೇಲೆ ಅವನು ನೆಂಟನಾಗಿ ಬರಲಿ, ಅದೂ ನಡುವೆ ಒಂದು ಜಾಲರಿ ಇಟ್ಟು."

ಲ್ಯಾನ್ಸಿ ಸುಮ್ಮನಿರಲಾರದೆ ಕೇಳಿದ: "ಇಷ್ಟೆಲ್ಲ ಗೊತ್ತಿದ್ದೂ ನೀವು ಯಾಕೆ ಮದುವೆ ಆಗ್ಲಿಲ್ಲ ಸುಧಾಕರಣ್ಣ?"

"ಇಷ್ಟೆಲ್ಲ ಗೊತ್ತಾದ ಮೇಲೆ ಧೈರ್ಯ ಬರ್ಲಿಲ್ಲ" ಎಂದು ಅವರು ಆರಿದ ಚಹಾ ಕುಡಿದರು.

ಹೆಣ್ಣಿನ ಬಾಲ ಚಿಗುರಿತು. ಅದು ಎರಡೂ ಗೆರಟೆಗಳನ್ನು ಪರೀಕ್ಷಿಸಿ ಬಲಗಡೆಯದನ್ನು ಆರಿಸಿ, ಬಾಯಲ್ಲಿ ಮರಳು ಕಚ್ಚಿ ಹೊರಗೆ ಉಗಿಯತೊಡಗಿತು. ವಾರ ಕಳೆದು ಗಂಡನ್ನು ಜಾಲರಿಯ ಆಚೆ ಬಿಟ್ಟೆವು. ಮೂರು ದಿನ ಅವನು ಅಲ್ಲಿಂದಲೇ ಕಿರೀಟ ಎತ್ತಿ ತೋರಿಸಿದ. ನಾಲ್ಕನೆಯ ದಿನ ಅವಳೇ ಜಾಲರಿಯ ಬಳಿ ಹೋಗಿ ಮೈ ಬಳುಕಿಸಿ ಹೊಟ್ಟೆ ತೋರಿಸಿದಳು. ಜಾಲರಿ ತೆಗೆದೆವು. ಪೆಟ್ಟಿಲ್ಲ, ಓಟವಿಲ್ಲ. ನಾನು ಕ್ಲಿನಿಕ್ಕಿನಲ್ಲಿ ಇದನ್ನು ಎಷ್ಟು ಜನರಿಗೆ ಹೇಳಿದೆನೆಂದರೆ, ರಕ್ತ ಕೊಡಲು ಬಂದವರೊಬ್ಬರು ಸೂಜಿ ಚುಚ್ಚುವುದು ಯಾವಾಗ ಎಂದು ಕೇಳಬೇಕಾಯಿತು.

ಎರಡು ವಾರದ ಮೇಲೆ ಹೆಣ್ಣು ಗೆರಟೆಯೊಳಗೆ ಹೋದದ್ದು ಬಹಳ ಹೊತ್ತು ಹೊರಗೆ ಬರಲೇ ಇಲ್ಲ. ಬಂದಾಗ ಮೈಯೆಲ್ಲ ಅಪ್ಪಟ ಅರಿಶಿನ, ಅದರ ಮೇಲೆ ಕಪ್ಪು ಗೆರೆ. ನೆಟ್ಟಗೆ ಹೋಗಿ ತನಗಿಂತ ಎರಡು ಪಾಲು ದೊಡ್ಡ ಗಂಡಿನ ಪಕ್ಕೆಗೆ ಗುದ್ದಿತು. ಅರ್ಧ ದಿನದಲ್ಲಿ ನಮ್ಮ ಕಿರೀಟಧಾರಿ ಫಿಲ್ಟರಿನ ನಳಿಗೆಯ ಹಿಂದೆ ಓರೆಯಾಗಿ ತೂಗುತ್ತಿದ್ದ.

"ಸುಧಾಕರಣ್ಣ, ಈಗ ಅವಳು ಅವನನ್ನು ಹೊಡೀತಿದ್ದಾಳೆ!"

ಫೋನಿನಲ್ಲಿ ಅವರು ನಕ್ಕ ನಗುವಿಗೆ ಅಡುಗೆಮನೆಯೇ ನಿಂತಿರಬೇಕು. "ಮೊಟ್ಟೆ ಇಟ್ಟಿದ್ದಾಳೆ ಬಾಯಮ್ಮ! ಹೊಳೆಯಲ್ಲಾದರೆ ಅವನು ದೂರ ಹೋಗ್ತಿದ್ದ. ಆ ತೊಟ್ಟಿಯಲ್ಲಿ ಎಲ್ಲಿಗೆ ಹೋಗುವುದು? ತೆಗೆದು ಬೇರೆ ಇಡಿ, ಬೇಗ."

ಬೇಗ ಎಂದಿದ್ದರು, ನಾನು ಅರ್ಧ ಗಂಟೆ ತಡ ಮಾಡಿದೆ. ಬಕೆಟ್ಟು ಹುಡುಕುತ್ತಿದ್ದೆ ಎಂದು ಲ್ಯಾನ್ಸಿಗೆ ಹೇಳಿದ್ದೇನೆ.

ಹತ್ತು ದಿನದಲ್ಲಿ ಗೆರಟೆಯ ಬಾಯಿಂದ ಪುಡಿ ಪುಡಿಯಾದ ಒಂದು ಮೋಡ ಹೊರಟಿತು. ಕಣ್ಣು ಕಿರಿದು ಮಾಡಿ ನೋಡಿದರೆ ಪ್ರತಿ ಪುಡಿಗೂ ಎರಡು ಕಣ್ಣು. ತಾಯಿ ಮೈ ಒಮ್ಮೆ ಅದುರಿಸಿದರೆ ಅಷ್ಟೂ ತಟ್ಟನೆ ತಳಕ್ಕಿಳಿದು ಎಲೆಗಳ ನಡುವೆ ಮಾಯ. ಅದರ ಹರಿದ ಬಾಲ ಕಂಡಂದಿನಿಂದ ನೆಮ್ಮದಿಯಿಲ್ಲದ ಸುಧಾಕರಣ್ಣ ತಮ್ಮ ಮೀನನ್ನು ವಾಪಸು ಕೊಂಡೊಯ್ಯಲೆಂದೇ ಬಂದಿದ್ದರು. ಸುಮಾರು ಹೊತ್ತು ನೋಡಿ, ಕನ್ನಡಕ ತೆಗೆದು ಒರೆಸಿ, "ಇಲ್ಲೇ ಇರಲಿ. ಇವಳಿಗೆ ಇಲ್ಲಿ ಕೆಲಸ ಉಂಟು" ಅಂದರು.

ಮೊನ್ನೆ ಒಳಗಿನ ಗಾಜಿನ ಪಾಚಿ ಉಜ್ಜಲು ಬಲ ಮೂಲೆಗೆ ಕೈ ಇಳಿಸಿದೆ. ಅರಿಶಿನದ ಆ ಎರಡಿಂಚು ಗೆರಟೆಯಿಂದ ನುಗ್ಗಿ ಬಂದು ನನ್ನ ಹೆಬ್ಬೆರಳನ್ನು ಕಚ್ಚಿ ಹಿಡಿಯಿತು. ನೋವೇನಿಲ್ಲ, ಮೆಲ್ಲಗೆ ಚಿವುಟಿದಷ್ಟು. ಆದರೆ ಅದರ ಲೆಕ್ಕದಲ್ಲಿ ನಾನು ಎಷ್ಟು ದೊಡ್ಡವಳಿರಬೇಕು ಎಂದು ಯೋಚಿಸಿ, "ಸಾರಿ" ಎಂದು ಕೈ ತೆಗೆದೆ. ಈಗ ಗಾಜಿನ ಆ ಮೂಲೆಯಲ್ಲಿ ಪಾಚಿ ಹಸಿರಾಗಿ ದಪ್ಪ ಕಟ್ಟಿದೆ. ಮನೆಗೆ ಬಂದವರು, ಉಳಿದದ್ದೆಲ್ಲ ಲಕಲಕ ಹೊಳೆಯುವಾಗ ಅದೊಂದನ್ನು ಯಾಕೆ ಬಿಟ್ಟಿದ್ದೀರಿ ಎಂದು ಕೇಳುತ್ತಾರೆ. ಆ ಮೂಲೆ ನಮ್ಮದಲ್ಲ ಎನ್ನುತ್ತೇನೆ.