ಒಂದು ಕಪ್ಪು ಬಾಟಲಿಗಾಗಿ

ಊರಿನ ಮಕ್ಕಳಿಗೆಲ್ಲ ಅವರು ಬಾಟಲಿ ಮಾವ. ಹೊಸದಾಗಿ ಬಂದವರು ಆ ಹೆಸರು ಕೇಳಿ ಬೇರೇನೋ ಅಂದುಕೊಂಡು ಮುಸಿಮುಸಿ ನಗುತ್ತಿದ್ದರು. ಆದರೆ ಮಾವ ಜೀವಮಾನದಲ್ಲಿ ಕುಡಿದದ್ದು ನೀರು ಮಾತ್ರ. ಅದನ್ನೂ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡದೆ ಬಾಯಿಗಿಟ್ಟವರಲ್ಲ. ಇಪ್ಪತ್ತಾರು ವರ್ಷಗಳಿಂದ ಅವರು ಪುರಸಭೆಯ ನೀರು ಪರೀಕ್ಷಕರು. ಕಚೇರಿಯ ಹಿಂಬದಿಯಲ್ಲಿ, ಮುರಿದ ಕುರ್ಚಿಗಳನ್ನು ಪೇರಿಸಿಟ್ಟ ಕೋಣೆಯ ಒಂದು ಮೂಲೆಯೇ ಅವರ ಪ್ರಯೋಗಶಾಲೆ.

ಊರಿನ ನಲ್ಲಿಗಳಲ್ಲಿ ನೀರು ಬರುವುದು ಬೆಳಗಿನ ಐದಕ್ಕೆ, ನಿಲ್ಲುವುದು ಆರಕ್ಕೆ. ಕಚೇರಿ ತೆರೆಯುವುದು ಹತ್ತಕ್ಕೆ. ಹಾಗಾಗಿ ಮಾವ ಹಿಂದಿನ ಸಂಜೆಯೇ ಹನ್ನೆರಡು ಮನೆಗಳಿಗೆ ಒಂದೊಂದು ಪುಟ್ಟ ಬಾಟಲಿ ಕೊಟ್ಟು ಬರುತ್ತಿದ್ದರು. ತೊಳೆದು, ಕುದಿಸಿ, ಒಣಗಿಸಿ, ಬಿಳಿ ಕಾಗದದಲ್ಲಿ ಸುತ್ತಿದ ಬಾಟಲಿ. ತಳದಲ್ಲಿ ಔಷಧಿ ಅದ್ದಿದ ಒಂದು ಕಾಗದದ ಚೂರು. ನೀರು ಕೆಟ್ಟಿದ್ದರೆ ಎರಡು ದಿನದೊಳಗೆ ಬಾಟಲಿ ಕಪ್ಪಾಗುತ್ತದೆ. ಮನೆಯವರು ಬೆಳಿಗ್ಗೆ ನೀರು ತುಂಬಿಸಿ, ‘ಇದು ನಮ್ಮ ಮನೆಯ ನೀರು’ ಎಂಬ ಚೀಟಿಗೆ ಸಹಿ ಹಾಕಿಡಬೇಕು.

ಹನ್ನೊಂದು ತಿಂಗಳಿಂದ ಒಂದೂ ಕಪ್ಪಾಗಿರಲಿಲ್ಲ.

ಸಂತೋಷಪಡಬೇಕಾದ ಸಂಗತಿಯೇ. ಆದರೆ ಊರಿನ ಡಾಕ್ಟರ ಬಾಗಿಲಲ್ಲಿ ಹೊಟ್ಟೆ ಹಿಡಿದುಕೊಂಡವರ ಸಾಲು ಕರಗುತ್ತಲೇ ಇರಲಿಲ್ಲ. ಮಾವನ ಸ್ವಂತ ತಂಗಿಯ ಮಗಳು, ಐದು ವರ್ಷದ ಪುಟ್ಟಿ, ಮೂರು ತಿಂಗಳಲ್ಲಿ ಮೂರು ಸಲ ಆಸ್ಪತ್ರೆ ಸೇರಿ, ಹತ್ತಿಯ ಬೊಂಬೆಯಂತೆ ಹಗುರಾಗಿ ಮನೆಗೆ ಬಂದಿದ್ದಳು. ಬಸ್ ನಿಲ್ದಾಣದ ಹಿಂದೆ ನೀರಿನ ಪೈಪು ಚರಂಡಿಯೊಳಗೆ ಹಾದುಹೋಗುವ ಜಾಗ ಮಾವನಿಗೆ ಗೊತ್ತು. ಪುರಸಭೆಯ ಎಂಜಿನಿಯರಿಗೂ ಗೊತ್ತು.

“ನೋಡಿ ಸ್ವಾಮಿ, ನನಗೇನು ಆ ಪೈಪಿನ ಮೇಲೆ ಪ್ರೀತಿನಾ?” ಎಂದರು ಎಂಜಿನಿಯರು. “ಒಂದೇ ಒಂದು ಕಪ್ಪು ಬಾಟಲಿ ತನ್ನಿ, ನಾಳೆನೇ ಅಗೆಸ್ತೀನಿ. ಹನ್ನೊಂದು ತಿಂಗಳ ಬಿಳೀ ಬಾಟಲಿ ಇಟ್ಕೊಂಡು ನಾನು ಏನಂತ ಬರೀಲಿ? ಅದೂ ಈಗ!”

‘ಈಗ’ ಎಂದರೆ, ಮೇಲಿನ ಕಚೇರಿ ಈ ಊರನ್ನು ‘ಅತಿ ಶುದ್ಧ ನೀರಿನ ಊರು’ ಎಂದು ಆರಿಸಿತ್ತು. ಮುಂದಿನ ಸೋಮವಾರ ಸಮಾರಂಭ. ಪ್ರಶಸ್ತಿಯ ಫಲಕ ಗೋಡೆಗೆ ಏರಿತೆಂದರೆ, ಶುದ್ಧ ನೀರಿಗೆ ದುರಸ್ತಿ ಯಾಕೆಂದು, ಐದು ವರ್ಷ ಊರಿನ ಪೈಪನ್ನು ಯಾರೂ ಮುಟ್ಟುವಂತಿಲ್ಲ.

ಅದೇ ಸಂಜೆ ಮಾವ ತಂಗಿಯ ಮನೆಗೆ ಹೋದರು. ಸಂಬಂಧಿಕರ ಮನೆಯ ನೀರು ಲೆಕ್ಕಕ್ಕಿಲ್ಲವೆಂಬ ನಿಯಮವಿದ್ದರೂ ತಮ್ಮ ಸಮಾಧಾನಕ್ಕೆ ಅಲ್ಲೂ ಒಂದು ಬಾಟಲಿ ಇಡುತ್ತಿದ್ದರು. ಪುಟ್ಟಿ ಮಂಚದ ಮೇಲೆ ಗೋಡೆಗೆ ಒರಗಿದ್ದಳು. ಒಲೆಯ ಮೇಲೆ ಸಣ್ಣ ಪಾತ್ರೆಯಲ್ಲಿ ನೀರು ಕೊತಕೊತ ಕುದಿಯುತ್ತಿತ್ತು.

“ಭೇಷ್! ಮಗೂಗೆ ಕಾಯಿಸ್ತಿದ್ದೀಯಲ್ಲ, ಒಳ್ಳೇದಾಯ್ತು.”

“ಮಗೂಗಲ್ಲ ಅಣ್ಣ, ನಿನ್ನ ಬಾಟಲಿಗೆ.”

“ಮತ್ತೆ ಮಗೂಗೆ?”

“ಅವಳಿಗೆ ಕೊಡದಲ್ಲಿ ಇದೆಯಲ್ಲ, ಬೆಳಿಗ್ಗೆ ಹಿಡಿದಿದ್ದು.”

ಮಾವ ಒಲೆಯನ್ನೇ ನೋಡಿದರು. ತಂಗಿಗೆ ಅವರ ಮುಖ ಯಾಕೆ ಹಾಗಾಯಿತೆಂದು ತಿಳಿಯಲಿಲ್ಲ. “ಅಷ್ಟು ಚೊಕ್ಕಟವಾಗಿ ಕಾಗದ ಸುತ್ತಿ ಕೊಡ್ತೀಯ. ಅದಕ್ಕೆ ಹಸಿ ನೀರು ಸುರಿಯೋಕೆ ಯಾರಿಗೆ ಮನಸ್ಸು ಬರುತ್ತೆ? ನಾನೊಬ್ಬಳೇ ಅಲ್ಲಪ್ಪ, ಎಲ್ಲರೂ ಕಾಯಿಸೇ ಕೊಡೋದು. ಮೂಲೆಮನೆ ಅಕ್ಕ ಎರಡು ಸಲ ಸೋಸ್ತಾರೆ.”

ಮಾವ ಕೊಡದ ನೀರನ್ನು ಬಚ್ಚಲಿಗೆ ಸುರಿದರು. ಕುದಿದ ನೀರು ಆರುವವರೆಗೆ ಮಂಚದ ಪಕ್ಕ ಕೂತು, ಪುಟ್ಟಿಗೆ ತಾವೇ ಚಮಚದಲ್ಲಿ ಕುಡಿಸಿದರು.

ಮರುದಿನದಿಂದ ಊರಲ್ಲೊಂದು ವಿಚಿತ್ರ ಶುರುವಾಯಿತು. ಊರಿಗೆ ಊರೇ ಕೊಳಕು ನೀರು ಕುಡಿಯುತ್ತಿತ್ತು; ಅದರಲ್ಲಿ ಒಂದು ಲೋಟ ಸಿಗದೆ ಒಬ್ಬ ಮನುಷ್ಯ ಬೀದಿಬೀದಿ ಅಲೆಯುತ್ತಿದ್ದ.

“ಕಾಯಿಸಿದ್ದು ನೀವು ಕುಡೀರಿ, ಹಸಿ ನೀರು ನನಗೆ ಕೊಡಿ,” ಎಂದರು ಮಾವ.

ಮೂಲೆಮನೆ ಅಕ್ಕ ಕೆನ್ನೆಗೆ ಕೈ ಇಟ್ಟುಕೊಂಡಳು. “ಅಯ್ಯೋ! ಬಾಗಿಲಿಗೆ ಬಂದವರಿಗೆ ಹಸಿ ನೀರು ಕೊಟ್ಟು, ನಾವು ಕಾಯಿಸಿದ್ದು ಕುಡಿಯೋದಾ? ನಮ್ಮನ್ನ ಏನಂತ ತಿಳ್ಕೊಂಡಿದ್ದೀರಣ್ಣ?”

“ನೀರು ಕೆಟ್ಟಿದೆ ಅಂತ ಗೊತ್ತಾಗಬೇಕಲ್ಲಮ್ಮ!”

“ಗೊತ್ತಿರೋದಕ್ಕೇ ಅಲ್ವಾ ಕಾಯಿಸೋದು!”

ಶನಿವಾರ ಐದು ಗಂಟೆಗೇ ಎದ್ದು ಹೋಗಿ ದರ್ಜಿಯ ಮನೆಯ ನಲ್ಲಿಗೆ ತಾವೇ ಬಾಟಲಿ ಹಿಡಿದರು. ತುಂಬಿಯೂ ತುಂಬಿತು. ಆದರೆ ದರ್ಜಿ ಚೀಟಿಗೆ ಸಹಿ ಹಾಕಲು ಸುತರಾಂ ಒಪ್ಪಲಿಲ್ಲ. “ನಮ್ಮನೇದು ಕಪ್ಪಾಗಿ ಎದುರುಮನೇದು ಬೆಳ್ಳಗಿದ್ರೆ? ನಾಳೆ ಬೀದೀಲಿ ತಲೆ ಎತ್ತಿ ಓಡಾಡೋದು ಬೇಡವಾ? ಮೊದಲು ಅವರ ಹತ್ರ ಹಾಕಿಸ್ಕೊಂಡು ಬನ್ನಿ.” ಎದುರುಮನೆಯವರು ದರ್ಜಿಯ ಹತ್ತಿರ ಹಾಕಿಸಿಕೊಂಡು ಬನ್ನಿ ಎಂದರು. ಸಹಿಯಿಲ್ಲದ ಬಾಟಲಿ ಭಾನುವಾರ ಸಂಜೆಗೆ ಮಸಿಯಂತೆ ಕಪ್ಪಾಯಿತು. ಎಂಜಿನಿಯರು ಅದನ್ನು ಆಸೆಯಿಂದ ನೋಡಿ, ನಿಟ್ಟುಸಿರು ಬಿಟ್ಟು, ವಾಪಸು ಕೊಟ್ಟರು.

ಸೋಮವಾರ ಬಂದೇ ಬಂತು. ಮಾವ ಜೇಬಿನಲ್ಲಿ ಎರಡು ಖಾಲಿ ಬಾಟಲಿ, ಎರಡು ಚೀಟಿ ಇಟ್ಟುಕೊಂಡು ವೇದಿಕೆಯ ಪಕ್ಕ ನಿಂತರು. ಮೇಜಿನ ಮೇಲೆ ಪುರಸಭೆಯ ಮುಖ್ಯಾಧಿಕಾರಿಗಳ ಮುಂದೆ ಜವಾನ ಒಂದು ಲೋಟ ನೀರು ತಂದಿಟ್ಟ. ಮಾವನ ಕಣ್ಣು ಲೋಟದ ಮೇಲೇ ನೆಟ್ಟಿತು.

“ಕಾಯಿಸಿದ್ದೇನಪ್ಪ?” ಎಂದು ಪಿಸುಗುಟ್ಟಿದರು.

“ಯಾಕೆ ಕಾಯಿಸ್ಬೇಕು?” ಜವಾನನಿಗೆ ಆಶ್ಚರ್ಯ. “ಸಾಹೇಬ್ರು ಪರೀಕ್ಷೆ ಮಾಡಲ್ಲವಲ್ಲ, ಕುಡೀತಾರಷ್ಟೆ. ಬೆಳಿಗ್ಗೆ ನಲ್ಲೀಲಿ ಹಿಡಿದಿದ್ದು.”

ಮುಖ್ಯಾಧಿಕಾರಿಗಳು ಅಷ್ಟರಲ್ಲಿ ಲೋಟ ಎತ್ತಿ, ಅರ್ಧ ಕುಡಿದು, “ಆಹಾ, ಇದಪ್ಪ ನಮ್ಮ ಊರಿನ ನೀರು!” ಎಂದು ಮೈಕಿನಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದರು. ಮಾವ ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ ವೇದಿಕೆ ಹತ್ತಿದರು.

“ಸಾರ್, ಉಳಿದ ಅರ್ಧ ಬಾಟಲಿಗೆ ಹಾಕ್ಕೊಳ್ಳಲಾ? ಪರೀಕ್ಷೆಗೆ. ತಮ್ಮದೊಂದು ಸಹಿ ಬೇಕು. ಏನು ಬಂದರೂ ಕಡತಕ್ಕೆ ಸೇರುತ್ತೆ, ಮೊದಲೇ ಹೇಳ್ತಿದ್ದೀನಿ.”

“ಸೇರಲಿ ಬಿಡ್ರೀ! ಎರಡು ಸಹಿ ಬೇಕಾದ್ರೂ ಹಾಕ್ತೀನಿ.” ಕ್ಯಾಮೆರಾ ಕಡೆ ನೋಡುತ್ತಲೇ ಹಾಕಿದರು. ಚೀಟಿಯಲ್ಲಿ ‘ತುಟಿ ತಾಗಿದ ಲೋಟ’ ಎಂದು ಮಾವ ಪ್ರಾಮಾಣಿಕವಾಗಿ ಬರೆದುಕೊಂಡರು. ಅದು ಸಾಲದೆಂದು ಜವಾನನ ಹಿಂದೆ ಹೋಗಿ, ಆ ಲೋಟ ತುಂಬಿಸಿದ ಕೊಡದಿಂದಲೇ ಇನ್ನೊಂದು ಬಾಟಲಿ ತುಂಬಿಸಿಕೊಂಡು ಬಂದು, ಎರಡನೆಯ ಸಹಿಯನ್ನೂ ಹಾಕಿಸಿಕೊಂಡರು.

ಬುಧವಾರ ಎರಡೂ ಬಾಟಲಿ ಕಪ್ಪು. ಆ ಹೊತ್ತಿಗೆ ಮುಖ್ಯಾಧಿಕಾರಿಗಳು ಕಚೇರಿಗೆ ಬರುವ ಸ್ಥಿತಿಯಲ್ಲಿರಲಿಲ್ಲ. ಎಂಜಿನಿಯರು ಪೈಪಿನ ಕಡತವನ್ನು ಅವರ ಮನೆಗೇ ಒಯ್ದರು. ಬಚ್ಚಲುಮನೆಯ ಬಾಗಿಲು ಒಂದು ಅಂಗೈಯಷ್ಟು ತೆರೆಯಿತು. ಕಡತ ಒಳಗೆ ಹೋಗಿ, ಓದದೆಯೇ ಸಹಿಯಾಗಿ ಹೊರಗೆ ಬಂತು.

ಫಲಕ ವಾಪಸು ಹೋಯಿತು. ಚರಂಡಿಯೊಳಗಿನ ನೀರಿನ ಪೈಪು ಮೇಲೆದ್ದಿತು. ತಿಂಗಳ ನಂತರ ಪುಟ್ಟಿ ಬೀದಿಯಲ್ಲಿ ಓಡಿಬಂದು ಮಾವನ ಕೈಚೀಲಕ್ಕೆ ಜೋತುಬಿದ್ದಳು. ಸಾಕಷ್ಟು ಭಾರವಾಗಿದ್ದಳು.

“ಮಾವ, ಅಮ್ಮ ಕೇಳ್ತಿದ್ದಾಳೆ. ಈಗ ನೀರು ಚೆನ್ನಾಗಿದೆಯಂತಲ್ಲ, ಇನ್ಮೇಲೆ ನಿನ್ನ ಬಾಟಲಿಗೆ ಹಸಿ ನೀರು ಕೊಟ್ರೆ ಬೇಜಾರಿಲ್ಲ ತಾನೇ?”