ಎರಡು ಗಂಟೆಯ ಕ್ಯಾಸೆಟ್ಟು

ನಮ್ಮ ಹೆಡ್ ಸಿಸ್ಟರ್ ಅವರ ಎಡ ಹೆಗಲು ಬಲ ಹೆಗಲಿಗಿಂತ ಒಂದು ಬೆರಳಷ್ಟು ಇಳಿದಿತ್ತು. ಇಟ್ಟಿಗೆಯಂಥ ಟೇಪ್ ರೆಕಾರ್ಡರನ್ನು ಆ ಹೆಗಲಿಗೇ ನೇತುಹಾಕಿಕೊಂಡು ವಾರ್ಡು ಸುತ್ತುತ್ತಿದ್ದರು. ಅವರ ಹಿರಿಯರು ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದವರು; ರೋಗಿಗಳಿಗೆಲ್ಲ ಈ ಸಿಸ್ಟರ್ ಬಾಯಮ್ಮ.

ಸಕಲೇಶಪುರದ ನಮ್ಮ ಸಣ್ಣ ಆಸ್ಪತ್ರೆಯಲ್ಲಿ ನರ್ಸುಗಳ ಡ್ಯೂಟಿ ಬದಲಾಗುತ್ತಿದ್ದದ್ದು ಮಧ್ಯಾಹ್ನ ಎರಡಕ್ಕೆ. ಬೆಳಗೋಡಿನ ಬಸ್ಸು ಹೊರಡುತ್ತಿದ್ದದ್ದೂ ಆಗಲೇ. ಹೋಗುವವಳು ಚಪ್ಪಲಿ ಮೆಟ್ಟುತ್ತಲೇ "ಎಲ್ಲಾ ಸರಿಯಾಗೈತೆ ಕಣೇ" ಎಂದು ಓಡಿದರೆ ಮುಗಿಯಿತು, ಚಾರ್ಜ್ ಕೊಟ್ಟಾಯಿತು. ಯಾರಿಗೆ ಏನಾಗಿದೆಯೆಂದು ಬಂದವಳಿಗೆ ದೇವರೇ ಹೇಳಬೇಕು. ಇದಕ್ಕೆ ಬಾಯಮ್ಮ ಹೂಡಿದ ಉಪಾಯವೇ ಅವರ ತಮ್ಮ ಕುವೈತಿನಿಂದ ತಂದುಕೊಟ್ಟಿದ್ದ ಆ ಟೇಪು. ಹೋಗುವವಳು ಪ್ರತಿ ಮಂಚದ ವಿವರ ಅದರಲ್ಲಿ ಹೇಳಿಡಬೇಕು. ಬಂದವಳು ಕೇಳಿಯೇ ಕೆಲಸಕ್ಕೆ ಕೈಹಾಕಬೇಕು.

"ಮಾಡಿದ್ದು ಆಮೇಲೆ ಹೇಳು ಮಾರಾಯ್ತಿ, ಮಾಡದೆ ಉಳಿದದ್ದು ಮೊದಲು ಹೇಳು" ಎನ್ನುತ್ತಿದ್ದರು.

ಅಬ್ಬಾ, ಆ ಮೊದಲ ದಿನದ ಸಡಗರ! ನಮ್ಮ ದನಿ ನಮಗೇ ಕೇಳಿ ನಗು ತಡೆಯಲಾಗಲಿಲ್ಲ. ತಮ್ಮ ಭೇದಿಯ ಸಮಾಚಾರ ಪೆಟ್ಟಿಗೆಯೊಳಗಿಂದ ಬಂದಾಗ ಆಲೂರಿನ ಅಜ್ಜರೊಬ್ಬರು ಎದ್ದು ಕೂತು, "ನನ್ ವಿಷ್ಯ ರೇಡಿಯೋದಾಗೆ ಬಂತು ಕಣ್ರೀ" ಎಂದು ಪಕ್ಕದವರನ್ನು ಎಬ್ಬಿಸಿದರು.

ತಿಂಗಳಾಗುವಷ್ಟರಲ್ಲಿ ನನಗೆ ಜಂಬ ಬಂತು. ಡಾಕ್ಟರ ಚೀಟಿ ಓದಲು ಬರುತ್ತದೆ, ಈ ಪುರಾಣ ಯಾಕೆ ಕೇಳಬೇಕು? ಒಂದು ಮಧ್ಯಾಹ್ನ ಟೇಪು ಮುಟ್ಟದೆ, ಚೀಟಿಯಲ್ಲಿದ್ದಂತೆ ಸಿರಿಂಜಿಗೆ ಪೆನಿಸಿಲಿನ್ ತುಂಬಿಕೊಂಡು ನಾಲ್ಕನೇ ಮಂಚಕ್ಕೆ ಹೋದೆ. ದೋಣಿಗಲ್ ಕಡೆಯ ಎಸ್ಟೇಟಿನ ಕೂಲಿ ಲೈನಿನ ಬಾಣಂತಿ, ಮಗ್ಗುಲಲ್ಲಿ ಒಂಬತ್ತು ದಿನದ ಕೂಸು. ಸೂಜಿ ಇನ್ನೇನು ತಾಗಬೇಕು, ಬಾಯಮ್ಮ ನನ್ನ ಮಣಿಕಟ್ಟು ಹಿಡಿದರು.

"ಕ್ಯಾಸೆಟ್ ಕೇಳಿದ್ಯಾ?"

ಹಿಡಿದ ಕೈ ಬಿಡದೆ, ಇನ್ನೊಂದು ಕೈಯಲ್ಲಿ ಗುಂಡಿ ಒತ್ತಿದರು. ಬಸ್ಸಿಗೆ ಓಡಿದ್ದವಳ ದನಿ ಏದುಸಿರಿನಲ್ಲಿ ಹೇಳಿತು: "ನಾಲ್ಕನೇ ಮಂಚಕ್ಕೆ ಪೆನಿಸಿಲಿನ್ ಕೊಟ್ಟಿಲ್ಲ. ಟೆಸ್ಟ್ ಡೋಸಿಗೇ ಕೈ ಊದ್ಕಂಡೈತೆ. ಕೊಡಬೇಡಿ, ಡಾಕ್ಟ್ರು ಬಂದ್ಮೇಲೆ ತೋರ್ಸಿ."

ಪೂರ್ತಿ ಡೋಸು ಹೋಗಿದ್ದರೆ ಅವಳ ಜೀವವೇ ಹೋಗಬಹುದಿತ್ತು. ಬಾಯಮ್ಮ ಬೈಯಲಿಲ್ಲ. ಸಿರಿಂಜು ತೆಗೆದುಕೊಂಡು, "ಕೂಸನ್ನ ಸ್ವಲ್ಪ ಎತ್ತಿಕೋ" ಎಂದರು. ಆ ಬಾಣಂತಿ ವಾರದಲ್ಲಿ ನಡೆದುಕೊಂಡೇ ಮನೆಗೆ ಹೋದಳು.

ವರ್ಷಗಳ ಮೇಲೆ ಬಾಯಮ್ಮನೇ ನಮ್ಮ ವಾರ್ಡಿನ ಒಂದನೇ ಮಂಚಕ್ಕೆ ಬಂದು ಮಲಗಿದರು. ವಾರ್ಡು ಆಗ ನನ್ನ ಕೈಯಲ್ಲಿತ್ತು. ಡ್ಯೂಟಿ ಮುಗಿಸುವಾಗ ಟೇಪು ಹಿಡಿದು, "ಒಂದನೇ ಮಂಚ, ಗಂಜಿ ಕುಡಿದಿದ್ದಾರೆ" ಎಂದೆ. ಅವರು ಬೆರಳೆತ್ತಿದರು. "ಮೊದಲು ಉಳಿದದ್ದು ಹೇಳು."

ನನಗೆ ಅಳು ಬಂತು. "ಉಳಿದದ್ದು: ಅವತ್ತು ಕೈ ಹಿಡಿದವರ ಋಣ ಇನ್ನೂ ತೀರಿಸಿಲ್ಲ" ಎಂದು ಟೇಪಿಗೇ ಹೇಳಿದೆ.

"ನಂಗೆ ಎಂತಕ್ಕೆ ಮಾರಾಯ್ತಿ? ನಿನ್ನ ಹುಡುಗೀರ ಕೈ ಹಿಡಿ, ಸಾಕು" ಎಂದು ನಕ್ಕರು.

ಮರುದಿನದ ಕ್ಯಾಸೆಟ್ಟಿನಲ್ಲಿ ಒಂದನೇ ಮಂಚ ಖಾಲಿ ಎಂದು ನಾನೇ ಹೇಳಬೇಕಾಯಿತು. ಹೊರಗೆ ಬೆಳಗೋಡಿನ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ನಾನು ಓಡಲಿಲ್ಲ, ಹೊಸ ಹುಡುಗಿ ಕ್ಯಾಸೆಟ್ಟನ್ನು ಕೊನೆಯವರೆಗೂ ಕೇಳುವ ತನಕ ಪಕ್ಕದಲ್ಲೇ ನಿಂತಿದ್ದೆ.